ಗಡಿ ದಾಟಿದ ಮೇಲೆ ಇಂಜಿನ್ ಆಫ್ ಮಾಡಬೇಡಿ

ಗಡಿ ದಾಟಿ ನಮ್ಮ ಊರಿನ ಹಳೇ ಕಾರುಗಳ ಕೂಟಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಆ ಕಡೆಯ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬನ್ನಿ. ಈ ಕಡೆ ಇರುವುದು ಒಂದೇ ಬಂಕು, ಅದರ ಮಾಲೀಕನಿಗೆ ಊಟವಾದ ಕೂಡಲೇ ನಿದ್ದೆ ಬರುತ್ತದೆ, ಎಬ್ಬಿಸಿದರೆ ಬೈಯುತ್ತಾನೆ. ಗಾಡಿಯ ಕಾಗದಪತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ರೇಡಿಯೇಟರಿಗೆ ಬೇರೆ ನೀರು ತನ್ನಿ, ಕುಡಿಯುವ ನೀರನ್ನು ಅದಕ್ಕೆ ಸುರಿದು ಆಮೇಲೆ ಬಾಯಾರಿಕೊಂಡು ನಮ್ಮ ಮನೆ ಬಾಗಿಲು ತಟ್ಟಬೇಡಿ. ಸೇತುವೆಯ ಮೇಲೆ ಫೋಟೊ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ, ತೆಗೆಯಿರಿ, ಆದರೆ ಇಂಜಿನ್ ಆಫ್ ಮಾಡಬೇಡಿ. ಮಾಡಿದಿರೋ, ಕೆಟ್ಟಿರಿ. ಗಡಿಯಿಂದ ಈಚೆಗೆ ಯಾವ ಗಾಡಿಯೂ ತನ್ನ ಒಡೆಯನ ಕೈಗೆ ಸ್ಟಾರ್ಟ್ ಆಗುವುದಿಲ್ಲ. ಬೇರೆ ಯಾರಾದರೂ ಬಂದು ಕೀ ತಿರುಗಿಸಬೇಕು.

ಇದನ್ನೆಲ್ಲ ಗಡಿಯಲ್ಲೇ, ಸೇತುವೆಗೆ ಮೊದಲು, ದೊಡ್ಡ ಬೋರ್ಡಿನ ಮೇಲೆ ನಾನೇ ಬಣ್ಣದಲ್ಲಿ ಬರೆದಿದ್ದೇನೆ. ಓದುವವರು ಯಾರು? ಪ್ರತಿ ವರ್ಷ ಹತ್ತಾರು ಜನ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ನಗುತ್ತಾ ಬಂದು, ನಡುರಸ್ತೆಯಲ್ಲಿ ಆಫ್ ಮಾಡಿ, ಆಮೇಲೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ತಳ್ಳಿ ಸ್ಟಾರ್ಟ್ ಮಾಡುತ್ತೇವೆ ಎನ್ನುವವರಿಗೂ ಹೇಳುತ್ತೇನೆ, ಬೆವರು ಬರುತ್ತದೆಯೇ ಹೊರತು ಇಂಜಿನ್ ಬರುವುದಿಲ್ಲ. ಸಂಸಾರ ಸಮೇತ ಬರುವವರು ಜೊತೆಗೆ ಹೊರಗಿನವರೊಬ್ಬರನ್ನು ಕೂರಿಸಿಕೊಂಡು ಬರುವುದು ಒಳ್ಳೆಯದು. ಹೊಸದಾಗಿ ಮದುವೆಯಾದವರಿಗೆ ಅಷ್ಟು ತೊಂದರೆಯಿಲ್ಲ, ಗಂಡನ ಗಾಡಿ ಹೆಂಡತಿಯ ಕೈಗೆ ಸ್ಟಾರ್ಟ್ ಆಗುತ್ತದೆ. ಹಳಬರ ವಿಷಯ ಹೇಳುವುದಕ್ಕೆ ಆಗದು.

ನಮಗೆ ಇದೆಲ್ಲ ರೂಢಿಯಾಗಿಬಿಟ್ಟಿದೆ. ಬೆಳಿಗ್ಗೆ ಎದ್ದು ಪಕ್ಕದ ಮನೆಯವರ ಕೀ ತಿರುಗಿಸಿ, ಅವರಿಂದ ನಮ್ಮ ಕೀ ತಿರುಗಿಸಿಕೊಂಡು, ಹಾಗೇ ಕಾಫಿ ಪುಡಿ ಇದೆಯಾ ಎಂದು ಕೇಳಿಕೊಂಡು ಬರುತ್ತೇವೆ. ಬೇರೆ ಊರುಗಳಲ್ಲಿ ಕೈ ಕೊಟ್ಟರೆ ಜಗಳ, ನಮ್ಮಲ್ಲಿ ಕೈ ಕೊಡದಿದ್ದರೆ ಜಗಳ. ನಮ್ಮ ಬೀದಿಯ ಒಬ್ಬ ಮಹಾಶಯ ಎಲ್ಲರೊಂದಿಗೂ ಮನಸ್ತಾಪ ಮಾಡಿಕೊಂಡು, ಜೀಪನ್ನು ಆಫ್ ಮಾಡದೆಯೇ ಊಟ, ಸ್ನಾನ, ನಿದ್ದೆ ಎಲ್ಲ ಮುಗಿಸುತ್ತಿದ್ದ. ಡೀಸೆಲ್ ಮುಗಿದ ದಿನ ಬಂದು ರಾಜಿಯಾದ. ಇನ್ನು ಮದುವೆಯಾದ ಹೆಣ್ಣಿಗೆ ನಮ್ಮಲ್ಲಿ ಒಂದು ದಿನ ಬರುತ್ತದೆ, ಗಂಡನ ಗಾಡಿ ಅವಳ ಕೈಗೂ ಸ್ಟಾರ್ಟ್ ಆಗದ ದಿನ. ಕೀ ತಿರುಗಿಸಿದರೆ ಕಟ್ ಎಂದೂ ಅನ್ನುವುದಿಲ್ಲ. ಆ ದಿನ ಅತ್ತೆ ಶ್ಯಾವಿಗೆ ಪಾಯಸ ಮಾಡಿ ಬೀದಿಗೆಲ್ಲ ಹಂಚುತ್ತಾಳೆ. ಗಾಡಿ ಸುಮ್ಮನಾಯಿತೆಂದರೆ ಅವಳು ಆ ಮನೆಯವಳಾದಳು ಎಂದು ಅರ್ಥ. ನಾನು ಈ ಊರಿಗೆ ಹೊರಗಿನಿಂದ ಬಂದವಳು, ನನಗೆ ಆ ಪಾಯಸ ಸಿಗುವುದು ತಡವಾಯಿತು. ಸಿಕ್ಕ ದಿನ ಬಚ್ಚಲಿಗೆ ಹೋಗಿ ಅತ್ತಿದ್ದೆ.

ಪೊಲೀಸರಿಗಂತೂ ಇದರಿಂದ ಕೆಲಸ ಬಹಳ ಹಗುರ. ಕೂಟಕ್ಕೆ ಬರುವ ಪ್ರತಿ ಕಾರನ್ನೂ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ, ಒಡೆಯನಿಂದಲೇ ಆಫ್ ಮಾಡಿಸಿ, ಅವನಿಗೇ ಮತ್ತೆ ಕೀ ತಿರುಗಿಸಲು ಹೇಳುತ್ತಾರೆ. ಸ್ಟಾರ್ಟ್ ಆಗದಿದ್ದರೆ ಗಾಡಿ ಅವನದೇ, ಒಳಗೆ ಬಿಡಬಹುದು. ಸ್ಟಾರ್ಟ್ ಆಯಿತೋ, ಅದು ಯಾರದೋ ಗಾಡಿ. ಆಗ ಕಾಗದಪತ್ರ ಎಷ್ಟೇ ಸರಿಯಿದ್ದರೂ ಠಾಣೆಯ ಹಿಂದಿನ ಬೇಲಿಯೊಳಗೆ ನಿಲ್ಲಿಸಿಬಿಡುತ್ತಾರೆ, ನಿಜವಾದ ಒಡೆಯ ಬರುವ ತನಕ. ಪರೀಕ್ಷೆಯಲ್ಲಿ ಗೆದ್ದ ಕಾರುಗಳನ್ನು ಮತ್ತೆ ಓಡುವಂತೆ ಮಾಡುವುದಕ್ಕೆ ನಾವು ಇಬ್ಬರು ಅಲ್ಲಿ ಕೂತಿರುತ್ತೇವೆ, ನಾನು ಮತ್ತು ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಲೂಸಿ ಟೀಚರ್. ಕೀ ತಿರುಗಿಸುವುದು, ಹೋಗಿ ಬನ್ನಿ ಎನ್ನುವುದು, ಮುಂದಿನ ಕಾರು.

ಆ ವರ್ಷ ಮಾತ್ರ ನಾನು ಬೆಳಗಿನಿಂದಲೇ ಕಾಲು ಸುಟ್ಟ ಬೆಕ್ಕಾಗಿದ್ದೆ. ಹಿಂದಿನ ದಿನ ಅಮ್ಮ ಫೋನ್ ಮಾಡಿದ್ದರು. “ಪದ್ದೀ, ನಾಳೆ ಜಯ ಗಾಡಿ ತಗೊಂಡು ನಿಮ್ಮೂರ ಕೂಟಕ್ಕೆ ಬರ್ತಿದಾನೆ. ನಾನೂ ಬರ್ತೀನಿ ಅಂತ ಹಟ ಹಿಡ್ದು ಕೂತಿದೀನಿ. ನಿಂಗೆ ಕೋಡುಬಳೆ ಕರ್ದಿದೀನಿ. ನಾವು ಬಂದಾಗ ಜಗಳ ಗಿಗಳ ಅಂತ ಮಾಡ್ಬೇಡ,” ಎಂದು ಇಟ್ಟುಬಿಟ್ಟರು. ನನ್ನ ತಮ್ಮ ಜಯಸಿಂಹ ನನ್ನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ನಾನೂ ಬಿಟ್ಟಿದ್ದೆ. ಕಾರಣ ಆ ಗಾಡಿಯೇ, ಅಪ್ಪನ ಪಾಚಿ ಬಣ್ಣದ ಕಾರು. ಅಪ್ಪ ನನಗೆ ಅದರಲ್ಲೇ ಡ್ರೈವಿಂಗ್ ಕಲಿಸಿದ್ದರು. ಕ್ಲಚ್ ಮೇಲೆ ನನ್ನ ಕಾಲು ನೆಟ್ಟಗೆ ಊರದ ವಯಸ್ಸಿನಲ್ಲೇ, “ಇದು ಪದ್ದಿಗೇ” ಎಂದು ನೆಂಟರೆದುರು ಹೇಳಿದ್ದರು. ಅಪ್ಪ ಹೋದ ಮೇಲೆ ಜಯ ಕೀಯನ್ನು ಜೇಬಿಗೆ ಹಾಕಿಕೊಂಡು, “ನಂಗೂ ಹಾಗೇ ಹೇಳಿದ್ರು, ಗಾಡಿ ನಂದು” ಎಂದ. ಮಾತಿಗೆ ಮಾತು ಬೆಳೆಯಿತು. ಮದುವೆಯಾಗಿ ಹೋದವಳಿಗೆ ಗಾಡಿ ಯಾಕೆ ಎಂದೂ ಅಂದ. ಹಬ್ಬಕ್ಕೂ ಆ ಮನೆಗೆ ಕಾಲಿಡುವುದಿಲ್ಲವೆಂದು ಹೇಳಿ ಬಸ್ಸು ಹತ್ತಿದವಳು ನಾನು, ಇಡಲೂ ಇಲ್ಲ. ಅಮ್ಮನ ದನಿಯನ್ನು ಫೋನಿನಲ್ಲಷ್ಟೇ ಕೇಳುತ್ತಿದ್ದೆ.

ಈಗ ಆ ಗಾಡಿ ನಮ್ಮ ಊರಿಗೆ, ನಮ್ಮ ಚೆಕ್‌ಪೋಸ್ಟಿಗೆ ತಾನಾಗಿ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಇಲ್ಲಿ ಬಾಯಿ ಜೋರು ನಡೆಯುವುದಿಲ್ಲ. ಜಯನ ಕೈಗೆ ಸ್ಟಾರ್ಟ್ ಆಗಬೇಕು, ನನ್ನ ಕೈಗೆ ಆಗಬಾರದು, ಅದನ್ನು ನಾಲ್ಕು ಜನ ನೋಡಬೇಕು. ರಾತ್ರಿಯೆಲ್ಲ ಅದನ್ನೇ ನೆನೆದು ಮಗ್ಗುಲು ಬದಲಿಸಿದ್ದೆ.

ಸಾಲು ಸೇತುವೆಯ ಆಚೆಗೂ ಬೆಳೆದಿತ್ತು. ನಾನು ಕೂತಲ್ಲಿ ಕೂರುತ್ತಿರಲಿಲ್ಲ. ಒಂದು ಕಾರು ಸ್ಟಾರ್ಟ್ ಮಾಡಿ ಕಳಿಸುವುದು, ಕತ್ತು ಚಾಚಿ ಸಾಲನ್ನು ನೋಡುವುದು, ಸೆರಗಿನಿಂದ ಮುಖ ಒರೆಸಿಕೊಳ್ಳುವುದು, ಮತ್ತೆ ನೋಡುವುದು. ಯಾರದೋ ಕಾರಿಗೆ ಕೀ ತಿರುಗಿಸಿ, ಕೀಯನ್ನು ಕಿತ್ತು ಕೈಯಲ್ಲೇ ಹಿಡಿದು ಬಂದುಬಿಟ್ಟೆ. ಇಂಜಿನ್ ಆರಿಹೋಯಿತು, ಅವರು ಹಿಂದೆ ಓಡಿ ಬಂದರು.

“ಏನಮ್ಮಾ ಪದ್ಮಾಕ್ಷಿ, ಬೆಳಗಿಂದ ಒಂದ್ ಥರಾ ಆಡ್ತಿದೀಯಲ್ಲ, ಹುಷಾರಿದೀಯಾ?” ಎಂದರು ಲೂಸಿ ಟೀಚರ್.

“ನನ್ನ ಗಾಡಿ ಬರ್ತಿದೆ ಟೀಚರ್.”

“ನಿಮ್ಮನೆಯವ್ರ ಗಾಡಿ ಬಿಟ್ಟು ನಿಂಗೆ ಬೇರೆ ಗಾಡಿ ಎಲ್ಲಿದೆ?”

“ನೋಡ್ತಿರಿ,” ಎಂದೆ.

ಬಂತು. ಸಾಲಿನ ತಿರುವಿನಲ್ಲಿ ಮೊದಲು ಅದರ ಮೂತಿ ಕಂಡಿತು. ಜಯ ಗಾಡಿಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದ, ಅದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು. ಅವನ ತಲೆ ನರೆತಿತ್ತು, ಹೊಟ್ಟೆ ಬಂದಿತ್ತು, ಥೇಟ್ ಅಪ್ಪನ ಹಾಗೆ ಎಡ ಮೊಣಕೈಯನ್ನು ಮಡಿಚಿ ಕೂತಿದ್ದ. ಹಿಂದಿನ ಸೀಟಿನಲ್ಲಿ ಅಮ್ಮ ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಕಿಟಕಿಯಿಂದ ಮುಖ ಹೊರಹಾಕಿ ನನ್ನನ್ನೇ ಹುಡುಕುತ್ತಿದ್ದರು. ಎಷ್ಟು ಸಣ್ಣಗಾಗಿದ್ದರು! ಓಡಿ ಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಅಷ್ಟರಲ್ಲಿ ದಫೇದಾರ್ ತಿಪ್ಪೇಸ್ವಾಮಿ ಗಾಡಿಯ ಹತ್ತಿರ ಹೋಗಿದ್ದ. ಪರೀಕ್ಷೆ ಮುಗಿಯುವ ತನಕ ನಾವು ಯಾರೂ ಗಾಡಿಯನ್ನು ಮುಟ್ಟುವ ಹಾಗಿಲ್ಲ. ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಾ ನಿಂತೆ.

“ಆಫ್ ಮಾಡಿ ಸ್ವಾಮಿ,” ಎಂದ ತಿಪ್ಪೇಸ್ವಾಮಿ.

“ಆಫ್ ಆಗೇ ಇದೆ. ಆಗ್ಲಿಂದ ತಳ್ಕೊಂಡೇ ಬರ್ತಿದೀವಿ,” ಎಂದ ಜಯ. ಹಿಂದಿನ ಕಾರಿನ ಹುಡುಗರು ಇಬ್ಬರು ಕೈ ಒರೆಸಿಕೊಳ್ಳುತ್ತಿದ್ದರು.

“ಸರಿ, ತಿರುಗ್ಸಿ ಈಗ.”

ಜಯ ತಿರುಗಿಸಿದ. ಗಾಡಿ ಉಸಿರೆತ್ತಲಿಲ್ಲ. ತಿಪ್ಪೇಸ್ವಾಮಿ ಬಾಗಿಲು ತಟ್ಟಿ, “ಭೇಷ್, ನಿಮ್ದೇ ಗಾಡಿ, ಹೋಗಿ,” ಎಂದ. ಹಾಗಾದರೆ ಇಷ್ಟು ವರ್ಷ ನಾನು ಹೊಟ್ಟೆ ಸುಟ್ಟುಕೊಂಡಿದ್ದು ಸುಮ್ಮನೆಯೇ? ಜಯ ನನ್ನ ಕಡೆ ನೋಡಲಿಲ್ಲ. ಗೆದ್ದವನ ಮುಖವೂ ಅವನದಾಗಿರಲಿಲ್ಲ, ಸ್ಟೀರಿಂಗನ್ನೇ ನೋಡುತ್ತಿದ್ದ.

“ಪದ್ಮಾಕ್ಷಮ್ಮ, ಬನ್ನಿ, ಸ್ಟಾರ್ಟ್ ಮಾಡಿ ಕಳ್ಸಿ.”

ಹೋದೆ. ಜಯ ಇಳಿದು ನಿಂತ. ನಾನು ಕೂತೆ. ಸೀಟಿನ ಸ್ಪ್ರಿಂಗು ಅದೇ ಜಾಗದಲ್ಲಿ ಚುಚ್ಚಿತು. ಹಿಂದಿನಿಂದ ಅಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, “ಕೂದ್ಲಿಗೆ ಎಣ್ಣೆ ಹಾಕಲ್ವೇನೇ?” ಎಂದರು. ನಾನು ಕಣ್ಣು ಮುಚ್ಚಿ ಕೀ ತಿರುಗಿಸಿದೆ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಇಲ್ಲ.

ಆಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಗಾಡಿ ನನ್ನನ್ನು ಮರೆತಿರಲಿಲ್ಲ. ನಾನೂ ಆ ಮನೆಯವಳೇ ಎಂದು ಎಲ್ಲರೆದುರು ಹೇಳಿಬಿಟ್ಟಿತ್ತು. “ಇದೇನ್ರೀ, ಇಬ್ರದ್ದೂ ಗಾಡಿ!” ಎಂದು ತಿಪ್ಪೇಸ್ವಾಮಿ ಕೂಗಿದ. ಸಾಲಿನಲ್ಲಿದ್ದ ನಮ್ಮೂರಿನವರು ಇಳಿದು ಬಂದು ಸುತ್ತ ನೆರೆದರು. “ಪಾಯಸ ಹಾಕ್ಸಮ್ಮ” ಎಂದು ಯಾರೋ ಅಂದರು. ನಾನು ಅಳುತ್ತಾ ನಗುತ್ತಾ ಇಳಿದು ಜಯನ ಕೈ ಹಿಡಿದುಕೊಂಡು, “ಆಯ್ತು ಬಿಡೋ, ಇಬ್ರದ್ದೂ ಅಂತ ಆಯ್ತಲ್ಲ, ನಡಿ ಮನೇಗೆ,” ಎಂದೆ. ಅವನು ಕೈ ಬಿಡಿಸಿಕೊಂಡ. ಅವನ ಬೆರಳುಗಳಿಗೆ ಕಪ್ಪು ಗ್ರೀಸ್ ಮೆತ್ತಿತ್ತು, ನನ್ನ ಅಂಗೈಗೂ ಹತ್ತಿತು. ಆ ಗಡಿಬಿಡಿಯಲ್ಲಿ ನಾನು ಅದನ್ನು ಸೆರಗಿಗೆ ಒರೆಸಿಕೊಂಡೆ, ಅಷ್ಟೇ.

“ಸರಿ, ಜಾಗ ಬಿಡಿ, ನಾನು ಸ್ಟಾರ್ಟ್ ಮಾಡ್ತೀನಿ,” ಎಂದು ಲೂಸಿ ಟೀಚರ್ ಬಂದು ಕೂತರು. ತಿರುಗಿಸಿದರು. ಸದ್ದಿಲ್ಲ.

ಎಲ್ಲರೂ ಟೀಚರನ್ನೇ ನೋಡಿದರು. “ಏನ್ ಟೀಚರ್, ನೀವೂ ಇವ್ರ ಮನೆಯವ್ರಾ?” ಎಂದು ತಿಪ್ಪೇಸ್ವಾಮಿ ನಿಜವಾಗಿಯೇ ಕೇಳಿದ. ನಗಬೇಡಿ. ಗಾಡಿ ಸ್ಟಾರ್ಟ್ ಆಗದಿದ್ದರೆ ಬಾನೆಟ್ ಎತ್ತಿ ನೋಡಬೇಕು ಎಂಬುದು ನಮ್ಮ ಊರಿನವರ ತಲೆಗೇ ಹೊಳೆಯುವುದಿಲ್ಲ, ನಂಟು ಹುಡುಕುವುದಕ್ಕೆ ಕೂತುಬಿಡುತ್ತೇವೆ. ಇದೇ ತಿಪ್ಪೇಸ್ವಾಮಿ ಒಮ್ಮೆ ಸತ್ತ ಬ್ಯಾಟರಿಯೊಂದನ್ನು ನಂಬಿ, ಯಾರೋ ದಾರಿಹೋಕನನ್ನು ದೂರದ ಚಿಕ್ಕಪ್ಪನೆಂದು ಮನೆಗೆ ಕರೆದುಕೊಂಡು ಹೋಗಿ ಹಬ್ಬದ ಊಟ ಹಾಕಿದ್ದ. ಲೂಸಿ ಟೀಚರೂ ಪಾಪ, “ನಮ್ಮಜ್ಜಿ ಕಡೆಯೋರು ಆ ಸೀಮೆಯೋರೇ ಅಂತ ಕೇಳಿದ್ದೆ…” ಎಂದು ಯೋಚನೆಗೆ ಬಿದ್ದರು.

ಅಮ್ಮ ಹಿಂದಿನ ಸೀಟಿನಿಂದ ಹೇಳಿದರು: “ಸ್ಟಾರ್ಟ್ ಆಗೋದ್ ಹೆಂಗಪ್ಪ? ಇವ್ನು ಅಲ್ಲಿ ತಿರುವಲ್ಲಿ ಇಳ್ದು, ಮುಂದ್ಗಡೆ ಮುಚ್ಚಳ ಎತ್ತಿ, ಏನೋ ಬಿಚ್ಚಿದ್ನಲ್ಲ.”

ತಿಪ್ಪೇಸ್ವಾಮಿ ಬಾನೆಟ್ ಎತ್ತಿಸಿದ. ಬ್ಯಾಟರಿಯ ವೈರನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದ್ದು ಎಲ್ಲರಿಗೂ ಕಂಡಿತು. “ಹಾಕಿ,” ಎಂದ ತಿಪ್ಪೇಸ್ವಾಮಿ, ಈ ಸಲ ಸ್ವಾಮಿ ಗೀಮಿ ಏನೂ ಇರಲಿಲ್ಲ. ಜಯ ವೈರನ್ನು ಸಿಕ್ಕಿಸಿ, ನಟ್ಟು ಬಿಗಿದ.

“ಯಾಕೋ?” ಎಂದೆ ನಾನು.

ಅವನು ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. “ಸಾಲಲ್ಲಿ ನಿಂತಾಗ ಆಫ್ ಮಾಡಿ, ಮತ್ತೆ ತಿರುಗ್ಸಿದೆ ಅಕ್ಕ. ಫಕ್ಕಂತ ಸ್ಟಾರ್ಟ್ ಆಯ್ತು. ನಿನ್ನ ಬೋರ್ಡು ಬರೀ ಸುಳ್ಳು ಅಂದ್ಕೊಂಡೆ. ಆಮೇಲೆ ಮುಂದಿನೋರ ಗಾಡಿಗಳು ಒಂದೂ ಆಗ್ಲಿಲ್ಲ. ನನ್ನದೊಂದೇ ಆಗಿದ್ದು. ನಾನು… ದಿನಾ ಪಾಲಿಶ್ ಮಾಡ್ತೀನಕ್ಕ ಅದಕ್ಕೆ. ಮಕ್ಕಳಿಗೂ ಮುಟ್ಟಕ್ ಬಿಡಲ್ಲ.”

“ಕೂತು ತಿರುಗ್ಸು,” ಎಂದ ತಿಪ್ಪೇಸ್ವಾಮಿ. ಜಯ ಕೂತು ತಿರುಗಿಸಿದ. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನೆರೆದವರೆಲ್ಲ ಅಯ್ಯೋ ಎಂದರು. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅವನು ಸ್ಟೀರಿಂಗಿಗೆ ಹಣೆ ಇಟ್ಟುಕೊಂಡ. ನನಗೆ ಅಯ್ಯೋ ಅನ್ನಿಸಿತು, ನಿಜ. ಅದರ ಜೊತೆಗೇ ಮೈಯೆಲ್ಲ ಗೆಲುವು ಹರಿಯಿತು, ಅದೂ ನಿಜ.

“ಗಾಡಿ ಬೇಲಿ ಒಳಗೆ ಹೋಗ್ಬೇಕು,” ಎಂದ ತಿಪ್ಪೇಸ್ವಾಮಿ.

“ಯಾಕೆ ಹೋಗ್ಬೇಕು? ಒಡೆಯಳು ಇಲ್ಲೇ ಇದಾಳಲ್ಲ,” ಎಂದೆ. ದನಿ ನನಗೇ ಜಾಸ್ತಿ ಜೋರಾಗಿ ಕೇಳಿಸಿತು. “ನಮ್ಮಪ್ಪ ನಂಗೇ ಅಂತ ಹೇಳಿದ್ದು. ಇಳಿಯೋ ಜಯ, ಆಫ್ ಮಾಡು. ನಿಂಗೆ ಕೂಟದ ಮೈದಾನಕ್ಕೆ ಬೇಕಾದ್ರೆ ನಾನೇ ಕೊಡ್ತೀನಿ, ಎರವಲು.” ಎರವಲು ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಅವನು ತಲೆ ತಗ್ಗಿಸಿ ಇಳಿದ. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ, ತಿಪ್ಪೇಸ್ವಾಮಿಗೂ ಟೀಚರಿಗೂ ಕಾಣಲಿ ಎಂದು ಬಾಗಿಲನ್ನು ತೆರೆದೇ ಇಟ್ಟು, ಕೀ ತಿರುಗಿಸಿದೆ.

ಸ್ಟಾರ್ಟ್ ಆಯಿತು.

ತಡಬಡಾಯಿಸಲೂ ಇಲ್ಲ. ಊರಿನ ಯಾರದೋ ಗಾಡಿಗೆ ನಾನು ದಿನಾ ತಿರುಗಿಸಿದರೆ ಹೇಗೋ ಹಾಗೆಯೇ, ಸಲೀಸಾಗಿ. ಆಫ್ ಮಾಡಿ ಮತ್ತೆ ತಿರುಗಿಸಿದೆ. ಮತ್ತೆ ಆಯಿತು. ಅಷ್ಟು ವರ್ಷ ಹಬ್ಬ ಬಿಟ್ಟಿದ್ದು, ತಮ್ಮನ ಮಕ್ಕಳ ಮುಖ ನೋಡದೆ ಇದ್ದಿದ್ದು, ಅಮ್ಮನ ಕೈಯಡುಗೆ ಬಿಟ್ಟಿದ್ದು, ಎಲ್ಲ ಈ ಗಾಡಿ ನನ್ನದೆಂಬ ಒಂದೇ ಮಾತಿನ ಮೇಲೆ. ಆ ಮಾತು ಸುಳ್ಳಾಗಿತ್ತು. ಕೀಯನ್ನು ಕಿತ್ತು ಮಡಿಲಲ್ಲಿ ಹಾಕಿಕೊಂಡು ಕೂತೆ. ಜಯ ಬಂದು ಬಾಗಿಲ ಹತ್ತಿರ ನಿಂತ. ಅಣಕಿಸಬಹುದಿತ್ತು, ನಾನಾಗಿದ್ದರೆ ಅಣಕಿಸುತ್ತಿದ್ದೆ.

“ಹಾಗಾದ್ರೆ ಇಬ್ರದ್ದೂ ಅಲ್ಲ,” ಎಂದು ತಿಪ್ಪೇಸ್ವಾಮಿ ತಲೆ ಕೆರೆದುಕೊಂಡ. “ನಿಮ್ಮಪ್ಪ ಯಾರಿಂದಾದ್ರೂ ಹೊಡ್ಕೊಂಡು ಬಂದಿದ್ರಾ?”

“ನಾಲಿಗೆ ಬಿಗಿ ಹಿಡ್ದು ಮಾತಾಡಪ್ಪ,” ಎಂದರು ಅಮ್ಮ. “ನಂಗೆ ಕಾಲು ಜೋಮು ಹಿಡೀತಿದೆ. ಕೂಟ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಕೀ ತಿರುಗಿಸ್ತಾ ಕೂತಿದಾರೆ. ಬಾಗ್ಲು ತೆಗಿ.”

ಲೂಸಿ ಟೀಚರ್ ಬಾಗಿಲು ತೆಗೆದು ಅಮ್ಮನ ಕೈ ಹಿಡಿದು ಇಳಿಸಿದರು. ಆಮೇಲೆ ಅಮ್ಮನ ಮುಖವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ, “ಅಮ್ಮ, ನೀವೊಂದ್ಸಲ ತಿರುಗ್ಸಿ ನೋಡಿ,” ಎಂದರು.

“ನಂಗೆಲ್ಲಿ ಬರುತ್ತಮ್ಮ ಅದು?”

“ಓಡ್ಸೋದ್ ಬೇಡ. ಬರೀ ತಿರುಗ್ಸಿ.”

ನಾನು ಎದ್ದು ಜಾಗ ಬಿಟ್ಟೆ. ಅಮ್ಮ ಕೂತರು. ಕಾಲು ಪೆಡಲಿಗೆ ಎಟುಕಲಿಲ್ಲ. ಕೀಯನ್ನು ಯಾವ ಕಡೆ ತಿರುಗಿಸಬೇಕು ಎಂದು ನಾನು ತೋರಿಸಿದೆ. ತಿರುಗಿಸಿದರು. ಗಾಡಿ ಕಟ್ ಎಂದೂ ಅನ್ನಲಿಲ್ಲ. ತಿಪ್ಪೇಸ್ವಾಮಿ ಬಾನೆಟ್ಟಿನೊಳಗೆ ತಲೆ ಹಾಕಿ ವೈರನ್ನು ಎಳೆದು ನೋಡಿದ, ಬಿಗಿಯಾಗಿಯೇ ಇತ್ತು. ದೀಪ ಹಾಕಿಸಿದ, ಉರಿಯಿತು. ಹಾರ್ನ್ ಹೊಡೆಸಿದ, ಬಡಿದುಕೊಂಡಿತು. “ಇನ್ನೊಂದ್ಸಲ ಅಜ್ಜಿ,” ಎಂದ. ಅಮ್ಮ ಇನ್ನೊಮ್ಮೆ ತಿರುಗಿಸಿದರು. ಇಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಗಾಡಿ ನಿಮ್ದು ಅಜ್ಜಿ.”

“ನಂದಾ?” ಎಂದರು ಅಮ್ಮ. ಸ್ಟೀರಿಂಗನ್ನು ಸೆರಗಿನ ತುದಿಯಿಂದ ಒರೆಸಿದರು. ಅಪ್ಪ ಅದನ್ನು ಓಡಿಸುತ್ತಿದ್ದ ಕಾಲದಲ್ಲೂ, ಬೆಳಿಗ್ಗೆ ನಾವು ಏಳುವ ಮೊದಲೇ, ಅಮ್ಮ ಅಂಗಳದಲ್ಲಿ ಬಗ್ಗಿ ಅದನ್ನು ತೊಳೆಯುತ್ತಿದ್ದುದು ನನಗೆ ಆಗ ಕಣ್ಣಿಗೆ ಕಟ್ಟಿತು. ಜಯ ಪಾಲಿಶ್ ಮಾಡುವ ಮೊದಲು ಈಗಲೂ ಯಾರು ತೊಳೆಯುತ್ತಾರೆ ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿದೆ, ಕೇಳುವ ಅಗತ್ಯ ಬೀಳಲಿಲ್ಲ. ಗಾಡಿ ಯಾರದೆಂದು ನಾವಿಬ್ಬರೂ ಅಪ್ಪನ ಬಾಯಿಂದ ಬಂದ ಮಾತುಗಳನ್ನು ಎತ್ತೆತ್ತಿ ಆಡಿದ್ದೆವು, ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು, ಅವರನ್ನು ಒಂದು ಮಾತು ಕೇಳಿರಲಿಲ್ಲ. ಅದಕ್ಕೇ ಏನೋ, ಹೊರಗಿನವರ ಕೈಗೆ ಆಗುವ ಹಾಗೆ ಅದು ನಮ್ಮಿಬ್ಬರ ಕೈಗೂ ಸಲೀಸಾಗಿ ಸ್ಟಾರ್ಟ್ ಆಗಿತ್ತು. ನನಗೆ ನಾಚಿಕೆಯಾಯಿತು. ಅಷ್ಟು ಜನರೆದುರು ಸೋತದ್ದಕ್ಕಲ್ಲ.

ಹಿಂದಿನ ಕಾರುಗಳವರು ಹಾರ್ನ್ ಹೊಡೆಯತೊಡಗಿದರು. “ಸಾಲು ಬೆಳೀತಿದೆ, ಬೇಗ ಯಾರಾದ್ರೂ ಸ್ಟಾರ್ಟ್ ಮಾಡಿ,” ಎಂದ ತಿಪ್ಪೇಸ್ವಾಮಿ. ಅಮ್ಮ ಕೀಯನ್ನು ಎಳೆದುಕೊಂಡು ಇಳಿದರು. ನಾನೂ ಜಯನೂ ಒಂದೇ ಸಲಕ್ಕೆ ಕೈ ಚಾಚಿದೆವು. ಅಮ್ಮ ಎರಡೂ ಕೈಗಳನ್ನು ನೋಡಿದರು. ಎರಡರಲ್ಲೂ ಗ್ರೀಸು.

“ಟೀಚರಮ್ಮ, ನಿಮಗೆ ಓಡ್ಸಕ್ ಬರುತ್ತಾ?” ಎಂದರು.

“ಬರುತ್ತಮ್ಮ.”

“ಹಾಗಾದ್ರೆ ನೀವೇ ಬನ್ನಿ.” ಕೀಯನ್ನು ಟೀಚರ ಕೈಗಿಟ್ಟು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ನೀವಿಬ್ರೂ ಹಿಂದೆ ಕೂತ್ಕೊಳಿ,” ಎಂದರು.

ಹಿಂದಿನ ಸೀಟು ಇಷ್ಟು ಇಕ್ಕಟ್ಟು ಎಂದು ನನಗೆ ನೆನಪೇ ಇರಲಿಲ್ಲ. ಜಯನಿಗೂ ಇರಲಿಕ್ಕಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕದ ಜಾಗಕ್ಕೆ ನಾವಿಬ್ಬರೂ ಕಿತ್ತಾಡಿ, ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಎಂದು ಹಂಚಿಕೊಂಡಿದ್ದೆವು. ಅಮ್ಮ ಮಾತ್ರ ಯಾವಾಗಲೂ ಹಿಂದೆಯೇ. ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಟೀಚರ್ ಕೀ ತಿರುಗಿಸಿದರು. “ನೀವು ಬರೋ ತನಕ ಉಳಿದೋರ ಕೀ ನಾನೇ ತಿರುಗಿಸ್ತಿರ್ತೀನಿ,” ಎಂದ ತಿಪ್ಪೇಸ್ವಾಮಿ. ಗಾಡಿ ಚೆಕ್‌ಪೋಸ್ಟ್ ದಾಟಿ ಮೈದಾನದ ರಸ್ತೆಗೆ ಹೊರಳಿತು. ಅಮ್ಮ ಮುಂದಿನ ಗಾಜಿಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಊರಿಕೊಂಡು ನೋಡುತ್ತಾ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ, ಹಿಂದೆ ತಿರುಗದೆಯೇ, “ಇಲ್ಲಿಂದ ನೋಡಿದ್ರೆ ರಸ್ತೆ ಇಷ್ಟು ಅಗಲ ಕಾಣುತ್ತೇನ್ರೋ?” ಎಂದು ಕೇಳಿದರು.